ಕಲ್ಲಿನ ನಾಯಿಯನ್ನು ಕಾಗದಕ್ಕೆ ಇಳಿಸುವಾಗ

ವೀರಗಲ್ಲುಗಳ ರೇಖಾಚಿತ್ರ ಬರೆಯುವುದು ನನ್ನ ಕೆಲಸ. ಅದರಲ್ಲಿ ವೀರರಿಗಿಂತ ಪ್ರಾಣಿಗಳೇ ನನ್ನನ್ನು ಹೆಚ್ಚು ಸತಾಯಿಸಿವೆ.

1. ಬಿಸಿಲು ನೆತ್ತಿಗೇರುವ ಮೊದಲೇ ಕಲ್ಲಿನ ಮುಂದಿರಬೇಕು. ಸಾವಿರ ವರ್ಷದ ಮಳೆಗೆ ಅಂಚು ಸವೆದಿರುತ್ತದೆ. ಓರೆ ಬೆಳಕು ಬಿದ್ದರೆ ಮಾತ್ರ ಕುದುರೆಯ ಕಿವಿ ಕಾಣುತ್ತದೆ. ಹೊತ್ತಾಯಿತೇ? ಬಟ್ಟೆ ಹಿಡಿದು ನೆರಳು ಮಾಡಿ, ಪಕ್ಕದಿಂದ ಟಾರ್ಚ್ ಬಿಡಿ. ಈಜಿಪ್ಟಿನ ಶಿಲ್ಪಿಗಳಿಗೆ ಬಿಸಿಲಿನ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಬಿಸಿಲು ಬಡಿಯುವ ಹೊರಗೋಡೆಗಳಲ್ಲಿ ಸಾಮಾನ್ಯವಾಗಿ ಚಿತ್ರವನ್ನು ಒಳಕ್ಕೆ ತಗ್ಗಿಸಿ ಕೊರೆದರು, ಒಳಕೋಣೆಗಳಲ್ಲಿ ಉಬ್ಬಿಸಿದರು.

2. ಸೀಮೆಸುಣ್ಣ ಮುಟ್ಟಬೇಡಿ. ಎಣ್ಣೆ, ಅರಿಶಿನ ಮೆತ್ತಿದ್ದರೆ ಕೆರೆಯಲೂ ಬೇಡಿ. ಬೆಂಗಳೂರಿನ ನಮ್ಮ ಗಂಗಾನಗರದ ಪಕ್ಕದ ಹೆಬ್ಬಾಳದಲ್ಲಿ, 2018ರಲ್ಲಿ ನೆಲ ಅಗೆಯುವಾಗ, ಗಂಗರ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಸುಮಾರು 750ರದು. ಅಷ್ಟು ಹಳೆಯದರ ಮೇಲೆ ತಂತಿಬ್ರಷ್ ಆಡಿಸುವ ಉತ್ಸಾಹಿಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ.

3. ತುರುಗೊಳ್, ಅಂದರೆ ದನಗಳ್ಳತನದ ಕಾಳಗದ ಕಲ್ಲಿನಲ್ಲಿ ಹಸುಗಳನ್ನು ಎಣಿಸಿ ಲೆಕ್ಕ ಬರೆಯಬೇಡಿ. ಮುಂದಿನದಕ್ಕೆ ಪೂರ್ತಿ ಮೈ, ಹಿಂದಿನವಕ್ಕೆ ಬರೀ ತಲೆ, ಕೊಂಬು. ಅಷ್ಟರಲ್ಲೇ ಮಂದೆ ಮುಗಿಯಿತು. ಈಜಿಪ್ಟಿನ ಸಕ್ಕಾರಾದ ತೀ ಎಂಬ ಅಧಿಕಾರಿಯ ಸಮಾಧಿಯ ಸುಣ್ಣಕಲ್ಲಿನಲ್ಲೂ ದನಗಳು ಹೀಗೇ ಒತ್ತೊತ್ತಾಗಿ ಹೊಳೆ ದಾಟುತ್ತವೆ. ಅಲ್ಲಿ ಗೋಪಾಲಕನ ಬೆನ್ನೇರಿದ ಕರು ತಾಯಿಯತ್ತ ಕತ್ತು ತಿರುಗಿಸಿದೆ. ಶಿಲ್ಪಿ ನಿಂತು ಕೆಲಸ ಮಾಡಿದ್ದು ಆ ಕತ್ತಿನಲ್ಲಿ. ಇಂಥ ಜಾಗ ಹುಡುಕಿ, ಅಲ್ಲಿಂದ ಪೆನ್ಸಿಲ್ ಶುರುಮಾಡಿ.

4. ಶಾಸನ ಓದದೆ ಪ್ರಾಣಿಗೆ ಪಾತ್ರ ಕೊಡಬೇಡಿ. ಮದ್ದೂರು ಕಡೆಯ ಆತಕೂರಿನ ಕಲ್ಲಿನಲ್ಲಿ ನಾಯಿ, ಹಂದಿ ಸೆಣಸುತ್ತಿವೆ. ಬೇಟೆಯ ಅಲಂಕಾರವೆಂದು ದಾಟಿಹೋಗುವುದು ಸುಲಭ. ಬರಹ ಬೇರೆಯೇ ಹೇಳುತ್ತದೆ. 949ರ ಸುಮಾರಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಗೆದ್ದ. ಅವನ ಪಕ್ಷದಲ್ಲಿದ್ದ ಗಂಗರ ಬೂತುಗನ ಆಳು ಮಣಲೆರ ಮೆಚ್ಚುಗೆಗೆ ಪಾತ್ರನಾದ. ಬಹುಮಾನವಾಗಿ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಆ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಸತ್ತವು. ಕಲ್ಲು ನೆಟ್ಟು, ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದರು. ಇಲ್ಲಿ ವೀರ ನಾಯಿಯೇ. ಮೊದಲು ಅದರ ಮೈಬಿಗಿತ ಹಿಡಿಯಿರಿ, ಹಂದಿ ಆಮೇಲೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನದು.

5. ಕಲ್ಲು ಬದಲಾದರೆ ಗೆರೆಯೂ ಬದಲಾಗಬೇಕು. ಕಲಬುರಗಿ ಜಿಲ್ಲೆಯ ಕನಗನಹಳ್ಳಿ ಸ್ತೂಪದ್ದು ಸುಣ್ಣಕಲ್ಲು, ಉಳಿಗೆ ಒಲಿಯುವಂಥದ್ದು. ಅಲ್ಲಿಗೆ ಸಣ್ಣ ಮೊನೆಯ ಪೆನ್ಸಿಲ್ ಒಯ್ಯುತ್ತೇನೆ. ನಮ್ಮ ಗಟ್ಟಿಕಲ್ಲಿಗೆ ದಪ್ಪದ್ದೇ ಸಾಕು.