ಚಳಿಗಾಲವೂ ಶ್ರಾವಕನ ವ್ರತವೂ

ಪಂಚಾಂಗದ ಲೆಕ್ಕದಲ್ಲಿ ವರ್ಷಕ್ಕೆ ಆರು ಋತುಗಳು. ಶ್ರಾವಕಾಚಾರದ ವ್ಯವಹಾರದಲ್ಲಾದರೋ ಶೀತಕಾಲ, ಉಷ್ಣಕಾಲ, ವರ್ಷಾಕಾಲವೆಂದು ಮೂರೇ ವಿಭಾಗ. ಕಾರ್ತಿಕ, ಫಾಲ್ಗುಣ, ಆಷಾಢಗಳ ಅಷ್ಟಾಹ್ನಿಕ ಪರ್ವಗಳೇ ಇವುಗಳ ಎಲ್ಲೆ. ಕಾರ್ತಿಕದ ನಂದೀಶ್ವರ ಪೂಜೆ ಮುಗಿದೊಡನೆ ಶೀತಕಾಲವು ಮೊದಲಾಗುತ್ತದೆ. ಅಡುಗೆಮನೆಯಲ್ಲಿ ಇದರ ಅರ್ಥವನ್ನು ನಮ್ಮ ತಾಯಂದಿರು ಬಲ್ಲರು: ಮಳೆಗಾಲದಲ್ಲಿ ಬೀಸಿದ ಹಿಟ್ಟಿಗೆ ಮೂರು ದಿನದ ಮರ್ಯಾದೆ, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು. ತೇವವೂ ಉಷ್ಣವೂ ಕಡಮೆಯಾದಾಗ ಹಿಟ್ಟಿನಲ್ಲಿ ಜೀವೋತ್ಪತ್ತಿ ತಡವಾಗುವುದೆಂಬುದೇ ಇದರ ಕಾರಣ.

ಹೀಗೆ ಅಡುಗೆಮನೆಗೆ ಕೊಂಚ ಸಡಿಲು ದೊರೆಯುವ ಈ ಕಾಲದಲ್ಲಿ ಬೇರೊಂದು ಕಡೆ ಬಿಗಿ ಹೆಚ್ಚುತ್ತದೆ. ದೀಪಾವಳಿಯ ಸುಮಾರಿಗೆ ವರ್ಷಾಯೋಗವು ಮುಗಿದು ಮುನಿಸಂಘಗಳು ವಿಹಾರ ಹೊರಡುತ್ತವೆ. ಪ್ರತಿದಿನದ ಪ್ರವಚನವಿಲ್ಲ, ಎಚ್ಚರಿಸುವವರಿಲ್ಲ. ಚಾತುರ್ಮಾಸದಲ್ಲಿ ಕೈಗೊಂಡ ನಿಯಮವು ನಿಂತಿತೋ ಇಲ್ಲವೋ ಎಂಬುದು ತಿಳಿಯುವುದು ಈಗಲೇ.

ಈ ಕಾಲಕ್ಕೂ ತ್ಯಾಗಕ್ಕೂ ಇರುವ ನಂಟು ಹಳೆಯದು. ಭಗವಾನ್ ಮಹಾವೀರರ ದೀಕ್ಷೆ ಮಾರ್ಗಶೀರ್ಷ ಕೃಷ್ಣ ದಶಮಿಯಂದು, ಪಾರ್ಶ್ವನಾಥರದು ಪೌಷ ಕೃಷ್ಣ ಏಕಾದಶಿಯಂದು. ಇವು ಉತ್ತರದೇಶದ ಪೂರ್ಣಿಮಾಂತ ಗಣನೆ. ನಮ್ಮ ಅಮಾಂತ ಪಂಚಾಂಗದಲ್ಲಿ ಒಂದು ತಿಂಗಳು ಹಿಂದಿನ ಹೆಸರಿನಲ್ಲಿ ಬರುತ್ತವೆ. ಇಬ್ಬರೂ ಗೃಹತ್ಯಾಗ ಮಾಡಿದುದು ಹಿತವಾದ ವಸಂತದಲ್ಲಲ್ಲ, ಚಳಿ ಏರುತ್ತಿದ್ದಾಗ. ಇಪ್ಪತ್ತೆರಡು ಪರೀಷಹಗಳಲ್ಲಿ ಹಸಿವು, ಬಾಯಾರಿಕೆಗಳ ಬೆನ್ನಿಗೇ ಶೀತವನ್ನು ಹೇಳಿದೆ. ಮುನಿಗಳಿಗೆ ಉಕ್ತವಾದ ಕಾಲಯೋಗಗಳು ಮೂರು: ಬೇಸಿಗೆಯಲ್ಲಿ ಬಿಸಿಲಿಗೆ ಮೈಯೊಡ್ಡುವ ಆತಾಪನ, ಮಳೆಯಲ್ಲಿ ಮರದ ಬುಡದಲ್ಲಿ ನಿಲ್ಲುವ ವೃಕ್ಷಮೂಲ, ಚಳಿಯಲ್ಲಿ ಬಯಲಿನ ಆಕಾಶದಡಿ ರಾತ್ರಿಯನ್ನು ಕಳೆಯುವ ಅಭ್ರಾವಕಾಶ. ಬಾಹುಬಲಿ ಸ್ವಾಮಿಯು ಒಂದು ವರ್ಷದ ಪ್ರತಿಮಾಯೋಗದಲ್ಲಿ ಈ ಮೂರು ಕಾಲಗಳನ್ನೂ ನಿಂತಲ್ಲಿಯೇ ಕಂಡವನು. ಆ ಕಥೆಯನ್ನು 941ರಲ್ಲಿ ಆದಿಪುರಾಣದ ಮೂಲಕ ಕನ್ನಡಕ್ಕೆ ತಂದ ಪಂಪನ ಹೆಸರನ್ನೇ ಚಾಮರಾಜಪೇಟೆಯಲ್ಲಿ ಸಾಹಿತ್ಯ ಪರಿಷತ್ತಿನ ಮುಂದಿನ ರಸ್ತೆಯು ಹೊತ್ತಿದೆ.

ಗೃಹಸ್ಥನಿಗೆ ಅಭ್ರಾವಕಾಶವನ್ನು ಯಾರೂ ವಿಧಿಸಿಲ್ಲ. ಬೆಂಗಳೂರಿನ ಚಳಿಯಾದರೂ ಎಷ್ಟರದು? ದಾಖಲೆಗೆ ಬಂದಿರುವ ಅತಿ ಕಡಮೆ ಉಷ್ಣತೆ 1884ರ ಜನವರಿ 13ರಂದು 7.8 ಡಿಗ್ರಿ. ಹಾಗಾದರೆ ಈ ಕಾಲವು ನಮಗೆ ಒಡ್ಡುವ ಪರೀಕ್ಷೆ ಯಾವುದು? ನನ್ನ ಅಭಿಪ್ರಾಯದಲ್ಲಿ ಅದು ಚಳಿಯದಲ್ಲ, ಬೆಳಕಿನದು.

ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಹಲವರು "ಆರು ಗಂಟೆಯೊಳಗೆ ಊಟ" ಎಂದು ನಿಯಮ ಮಾಡಿಕೊಂಡಿರುತ್ತಾರೆ. ಜೂನ್ ತಿಂಗಳಲ್ಲಿ ಇದು ಸರಿಯೇ. ಆಗ ಬೆಂಗಳೂರಿನ ಸೂರ್ಯಾಸ್ತ 6.48ರ ಸುಮಾರಿಗೆ. ಆದರೆ ಅಕ್ಟೋಬರ್ ಮಧ್ಯ ಕಳೆದ ಮೇಲೆ ಇಲ್ಲಿ ಸೂರ್ಯನು ಆರಕ್ಕೆ ಮೊದಲೇ ಮುಳುಗುತ್ತಾನೆ, ಡಿಸೆಂಬರ್ ಮೂರನೆಯ ವಾರ ಕಳೆಯುವವರೆಗೂ ಹಾಗೆಯೇ. ಎರಡು ತಿಂಗಳಿಗೂ ಹೆಚ್ಚು ಕಾಲ ಗಡಿಯಾರವನ್ನು ನಂಬಿದವನ ವ್ರತವು ಅವನಿಗೆ ಅರಿವಿಲ್ಲದೆಯೇ ಭಂಗವಾಗುತ್ತಿರುತ್ತದೆ. ನವೆಂಬರ್ 20ರ ಆಸುಪಾಸಿನಲ್ಲಿ ಅಸ್ತಮಯ 5.50ಕ್ಕೆ. ದಿನದ ಮೊದಲ ಮತ್ತು ಕೊನೆಯ ಮುಹೂರ್ತವನ್ನು, ಎಂದರೆ 48 ನಿಮಿಷಗಳನ್ನು, ಬಿಡಬೇಕೆಂಬ ಶ್ರಾವಕಾಚಾರದ ಮಾತನ್ನು ಹಿಡಿದರೆ ಊಟವು 5.02ಕ್ಕೆ ಮುಗಿದಿರಬೇಕು. ಕಚೇರಿ ಬಿಡುವುದೇ ಐದೂವರೆಗೆ!

ಡಿಸೆಂಬರ್ 21 ಅಥವಾ 22 ಅತಿ ಚಿಕ್ಕ ಹಗಲು, ಇಲ್ಲಿ ಸುಮಾರು 11 ಗಂಟೆ 21 ನಿಮಿಷ. ಆದುದರಿಂದ ಅಂದೇ ಸೂರ್ಯನು ಎಲ್ಲಕ್ಕಿಂತ ಬೇಗ ಮುಳುಗಿ ತಡವಾಗಿ ಏಳುವನೆಂದು ತಿಳಿಯುವುದು ಸಹಜ. ಅದು ಸರಿಯಲ್ಲ. ಅತಿ ಬೇಗನೆಯ ಅಸ್ತಮಯವು ನವೆಂಬರ್ ಉತ್ತರಾರ್ಧದಲ್ಲಿ, ಅತಿ ತಡವಾದ ಉದಯವು ಜನವರಿಯ ಕೊನೆಯ ವಾರದಲ್ಲಿ, 6.46ರ ಸುಮಾರಿಗೆ. ಭೂಮಿಯ ಅಕ್ಷವು ವಾಲಿರುವುದರಿಂದಲೂ ಅದರ ಕಕ್ಷೆಯು ಪೂರ್ಣ ವೃತ್ತವಲ್ಲದಿರುವುದರಿಂದಲೂ ನಿಜವಾದ ನಡುಹಗಲು ಗಡಿಯಾರದಲ್ಲಿ ಒಂದೆಡೆ ನಿಲ್ಲುವುದಿಲ್ಲ: ಬೆಂಗಳೂರಿನಲ್ಲಿ ನವೆಂಬರ್ ಮೊದಲಿಗೆ 12.03ಕ್ಕೆ, ಫೆಬ್ರವರಿ ನಡುವೆ 12.34ಕ್ಕೆ. ಪಾಲಕರಿಗೆ ಇದರ ಫಲವಿಷ್ಟು. ಕಾರ್ತಿಕ, ಮಾರ್ಗಶಿರಗಳಲ್ಲಿ ಸಂಜೆಯ ವ್ರತ ಬಿಗಿಯಾಗಿರುತ್ತದೆ. ಪುಷ್ಯ, ಮಾಘಗಳಲ್ಲಿ ಸಂಜೆ ಸಡಿಲಾಗಿ ಬೆಳಗಿನ ವ್ರತ ಬಿಗಿಯಾಗುತ್ತದೆ. ಶ್ವೇತಾಂಬರ ಬಂಧುಗಳ ನವಕಾರಸಿ ಪಚ್ಚಕ್ಖಾಣವು ಸೂರ್ಯೋದಯದಿಂದ 48 ನಿಮಿಷ. ಜನವರಿಯ ಕೊನೆಯಲ್ಲಿ ಅದು ಪೂರ್ಣವಾಗುವುದು 7.34ಕ್ಕೆ. ಶಾಲೆಗೆ ಹೊರಟ ಮಕ್ಕಳಿಗೆ ಅದು ಸಣ್ಣ ತಪಸ್ಸಲ್ಲ.

ಹಿಂದಿನವರು ಗಡಿಯಾರವನ್ನು ನೋಡಲಿಲ್ಲ, ನೆರಳನ್ನು ನೋಡಿದರು. ಪೌರುಷಿಯ ಕಾಲವನ್ನು ಉತ್ತರಾಧ್ಯಯನ ಸೂತ್ರವು ನೆರಳಿನ ಅಳತೆಯಿಂದ ಗೊತ್ತುಪಡಿಸುತ್ತದೆ: ಆಷಾಢದಲ್ಲಿ ಎರಡು ಪಾದ, ಚೈತ್ರ ಮತ್ತು ಆಶ್ವಯುಜಗಳಲ್ಲಿ ಮೂರು, ಪೌಷದಲ್ಲಿ ನಾಲ್ಕು, ಏಳು ರಾತ್ರಿಗೆ ಒಂದು ಅಂಗುಲದಂತೆ ಏರಿಳಿತ. ಇದು ಉತ್ತರದೇಶದ ಅಳತೆ. ಸುಮಾರು 13 ಡಿಗ್ರಿ ಅಕ್ಷಾಂಶದ ನಮ್ಮ ಊರಿನಲ್ಲಿ ನೆರಳು ಅಷ್ಟು ಉದ್ದವಾಗದು. ತಾರಸಿಯ ಮೇಲೆ ಒಂದು ಮೊಳದ ಕೋಲನ್ನು ನೆಟ್ಟು ನೋಡಿರಿ: ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ನೆರಳು ಮುಕ್ಕಾಲು ಮೊಳಕ್ಕೆ ತುಸು ಕಡಮೆ, ಏಪ್ರಿಲ್ ನಾಲ್ಕನೆಯ ವಾರದ ಒಂದು ದಿನ ನೆರಳೇ ಇಲ್ಲ. ಮನೆಯ ಮಕ್ಕಳಿಂದ ವಾರಕ್ಕೊಮ್ಮೆ ಈ ಅಳತೆಯನ್ನು ಮಾಡಿಸಿದರೆ ವ್ರತವು ಆಕಾಶದೊಡನೆ ಹೇಗೆ ಕೂಡಿಕೊಂಡಿದೆಯೆಂದು ಹತ್ತು ಪ್ರವಚನಗಳಿಗಿಂತ ಚೆನ್ನಾಗಿ ತಿಳಿದೀತು.

ಕಚೇರಿಯಲ್ಲಿ ದುಡಿಯುವವರಿಗೆ ನಾನು ಕಾಣುವ ದಾರಿ ಎರಡು. ಸಂಜೆಯ ಬುತ್ತಿಯನ್ನು ಒಯ್ದು ನಾಲ್ಕೂವರೆಯ ವಿರಾಮದಲ್ಲಿ ಉಂಡು ಮುಗಿಸುವುದು ಒಂದು. ಅದಾಗದಿದ್ದರೆ ನವೆಂಬರ್, ಡಿಸೆಂಬರ್‌ಗಳ ಕೆಲಸದ ದಿನಗಳಲ್ಲಿ ಏಕಭುಕ್ತವನ್ನೇ ಹಿಡಿಯುವುದು ಮತ್ತೊಂದು. ಹಗಲು ಚಿಕ್ಕದಾಗಿ ಸೆಖೆಯಿಲ್ಲದ ಈ ಕಾಲದಲ್ಲಿ ಬೇಸಿಗೆಯಲ್ಲಿರುವಷ್ಟು ಬಾಯಾರಿಕೆಯಿರದು. ಮುಹೂರ್ತವನ್ನು ಬಿಡಲಾಗದವರು ಅಸ್ತಮಯವನ್ನಾದರೂ ಮೀರದಿರಲಿ. ದೀಪ ಹಚ್ಚಿ ಉಂಡು "ಇನ್ನೂ ಆರಾಗಿಲ್ಲ" ಎನ್ನುವುದಕ್ಕಿಂತ, ಶಕ್ತಿಯಿದ್ದಷ್ಟನ್ನು ತಿಳಿದು ಪಾಲಿಸುವುದು ಲೇಸು. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ ಬೀಳುವುದೂ ಈ ಬೇಗನೆಯ ಅಸ್ತಮಯದ ದಿನಗಳ ಸುಮಾರಿಗೇ. ಕಡಲೆಕಾಯಿಯು ನೆಲದೊಳಗೆ ಬೆಳೆದರೂ ಗೆಡ್ಡೆಯಲ್ಲ, ಬೀಜ; ಅದನ್ನು ಅನಂತಕಾಯವೆಂದು ಎಣಿಸುವುದಿಲ್ಲ. ಆದರೆ ಪರಿಷೆಗೆ ರಂಗೇರುವುದು ದೀಪ ಹತ್ತಿದ ಮೇಲೆ. ಮಕ್ಕಳನ್ನು ಮಧ್ಯಾಹ್ನವೇ ಕರೆದುಕೊಂಡು ಹೋಗಿರಿ.

ಇನ್ನು ಬೆಳಗಿನ ಮಾತು. ಚಳಿಗಾಲ ಬಂದಿತೆಂದರೆ ಲಾಲ್‌ಬಾಗಿನಲ್ಲಿ ನಡೆದಾಡುವವರ ಸಾಲು. ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಆರೋಗ್ಯಕ್ಕೆ ಒಳ್ಳೆಯದೆಂದೂ, ಪ್ರಕೃತಿಯೊಡನೆ ಒಂದಾದಂತೆಂದೂ ಹೇಳುವವರಿದ್ದಾರೆ. ಜೈನನು ಇಲ್ಲಿ ಕೊಂಚ ನಿಲ್ಲಬೇಕು. ಮೂಲಾಚಾರವು ಅಪ್ಕಾಯಿಕ ಜೀವಗಳನ್ನು ಹೇಳುವಾಗ ಬಾವಿ, ಹೊಳೆಗಳ ನೀರಿನಿಂದ ತೊಡಗುವುದಿಲ್ಲ. ಇಬ್ಬನಿ, ಹಿಮ, ಮಂಜುಗಳಿಂದ ತೊಡಗುತ್ತದೆ. ಹುಲ್ಲೋ ವನಸ್ಪತಿಕಾಯ. ಎಲ್ಲರೂ ಸುಂದರವೆನ್ನುವ ಆ ಹುಲ್ಲುಹಾಸು ನಮ್ಮ ಶಾಸ್ತ್ರದ ಕಣ್ಣಿಗೆ ಕಿಕ್ಕಿರಿದ ಜೀವನಿವಾಸ. ಗೃಹಸ್ಥನು ಸ್ಥಾವರಹಿಂಸೆಯನ್ನು ಪೂರ್ಣವಾಗಿ ಬಿಡಲಾರನೆಂಬುದು ನಿಜ. ಆದರೆ ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡಲು ಅನರ್ಥದಂಡ ವಿರತಿಯೆಂಬ ಗುಣವ್ರತವನ್ನೇ ಹೇಳಿದೆ. ಪಕ್ಕದಲ್ಲಿಯೇ ಒಣಗಿದ ಹಾದಿಯಿರುವಾಗ ಹುಲ್ಲನ್ನು ತುಳಿಯುವುದೇಕೆ?

ಬೆಳಗಿನ ಸಾಮಾಯಿಕವನ್ನು ತಾರಸಿಯ ಮೇಲೆ ಮಾಡುವ ಅಭ್ಯಾಸವುಳ್ಳವರು ಇದೇ ಕಾರಣದಿಂದ ಚಳಿಗಾಲದಲ್ಲಿ ಒಳಗೆ, ಪೂರ್ವದ ಕಿಟಕಿಯ ಬಳಿ ಕುಳಿತುಕೊಳ್ಳುವುದುಂಟು. ಹೊದಿಕೆಯನ್ನು ಮೊದಲು ಕೊಡವಿ, ಮಡಿಕೆಗಳಲ್ಲಿ ಇರುವೆ ಮೊದಲಾದವಿಲ್ಲವೆಂದು ನೋಡಿ ಹೊದೆಯಬೇಕು. ಚಳಿಗೆ ಅವೂ ಬೆಚ್ಚನೆಯ ಎಡೆಯನ್ನು ಹುಡುಕಿರುತ್ತವೆ.