ಬಿಸಿಲಿನ ಬೆವರು, ಸಕ್ಕರೆಯ ಬೆವರು

ತಮ್ಮಾ, ಮೂರು ತಿಂಗಳು ಮೂಲೆ ಹಿಡಿದಿದ್ದ ಗಾಡಿಯನ್ನು ಹೊರಗೆ ತೆಗೆದೆಯಂತೆ. ಬ್ಯಾಟರಿ ಚಾರ್ಜ್ ಮಾಡಿಸಿ, ಟೈರಿಗೆ ಗಾಳಿ ತುಂಬಿಸಿ, ಚೈನಿಗೆ ಎಣ್ಣೆ ಬಿಟ್ಟೆಯಂತೆ. ಒಳ್ಳೆಯದು. ಅಷ್ಟೇ ದಿನ ಕಪಾಟಿನಲ್ಲಿ ಬಿದ್ದಿದ್ದ ಶುಗರ್ ಮಷೀನನ್ನು ಮುಟ್ಟಿ ನೋಡಿದೆಯಾ?

ನಾನು ನೋಡಿರಲಿಲ್ಲ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ಆಯಿತಲ್ಲ, ಆ ಹೆದರಿಕೆಗೆ ಹೊಸ್ತಿಲು ದಾಟಿರಲಿಲ್ಲ. ಜೂನ್‌ನಲ್ಲಿ ಲಾಕ್‌ಡೌನ್ ಸಡಿಲಾಗಿ ದಾರಿ ತೆರೆದದ್ದೇ ತಡ, ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ರೊಟ್ಟಿ ಆಮೇಲೆ ತಿಂದರಾಯಿತೆಂದು ಸೇಡಂನಿಂದ ಹೊರಟುಬಿಟ್ಟೆ. ಮಳಖೇಡದ ಕಾಗಿಣಾ ಸೇತುವೆ ಹತ್ತಿರ ಬರುವಷ್ಟರಲ್ಲಿ ಮೈಯೆಲ್ಲ ಬೆವರು, ಕೈ ನಡುಕ. ಬಿಸಿಲಿನ ಝಳ ಅಂದುಕೊಂಡು ಇನ್ನಷ್ಟು ದೂರ ಓಡಿಸಿದೆ. ಚಹಾದಂಗಡಿಯ ಹುಡುಗ, ‘ಕಾಕಾ, ಮಾರಿ ಯಾಕ ಬೆಳ್ಳಗಾಗ್ಯಾದ?’ ಅಂದಾಗಲೇ ಎಚ್ಚರ ಬಂದದ್ದು. ಡಿಕ್ಕಿಯಿಂದ ಮಷೀನ್ ತೆಗೆದರೆ ಅದು ಕಾದ ಹಂಚಾಗಿತ್ತು. ಅಂಕಿ ಬರಲಿಲ್ಲ, ತಾಪಮಾನದ ಗುರುತು ಮಿಣುಕಿತು. ಅವನು ಕೊಟ್ಟ ಸಕ್ಕರೆ ತಿಂದು ಉಳಿದುಕೊಂಡೆ.

ಅಂದು ತಿಳಿದದ್ದಿಷ್ಟು: ನಮ್ಮ ಸೀಮೆಯಲ್ಲಿ ಬೆವರನ್ನು ನಂಬಬಾರದು. ಬಿಸಿಲಿಗೂ ಬೆವರುತ್ತೇವೆ, ಸಕ್ಕರೆ ಇಳಿದರೂ ಬೆವರುತ್ತೇವೆ. ಯಾವುದು ಯಾವುದೆಂದು ಹೇಳುವುದು ಆ ಮಷೀನೊಂದೇ. ಅದೂ ಬಿಸಿಲು ತಾಳದು. ಹೆಚ್ಚಿನ ಮಷೀನುಗಳು 40-45 ಡಿಗ್ರಿ ದಾಟಿದರೆ ಕೈಯೆತ್ತುತ್ತವೆ. ರಕ್ತದ ಹನಿ ಹಾಕುವ ಸ್ಟ್ರಿಪ್‌ಗಳನ್ನು ಇಡಬೇಕಾದದ್ದು 30ರ ಒಳಗೆ. ನಮ್ಮ ವಾಡಿ, ಶಹಾಬಾದ್‌ನ ಫರಸಿ ಗಣಿಗಳ ದಾರಿಯಲ್ಲಿ ಬೇಸಿಗೆಯ ನೆರಳೇ 40 ದಾಟುತ್ತದೆ. ಇನ್ನು ಬಿಸಿಲಿಗೆ ನಿಂತ ಗಾಡಿಯ ಡಿಕ್ಕಿಯ ಗತಿ ಏನು?

ಆದ್ದರಿಂದ ಮಷೀನನ್ನು ಗಾಡಿಗೆ ಒಪ್ಪಿಸಬೇಡ. ಬಟ್ಟೆಯ ಚೀಲದಲ್ಲಿ ಸುತ್ತಿ ಎದೆಗೆ ಅಡ್ಡ ಹಾಕಿಕೊ. ನಿಂತಲ್ಲಿ ಅದೂ ನಿನ್ನ ಜೊತೆ ನೆರಳಿಗೆ ಬರಲಿ. ಕಾದಿದ್ದರೆ ಕಾಲು ಗಂಟೆ ಆರಲು ಬಿಟ್ಟು ಆಮೇಲೆ ನೋಡು. ಜಾಗ ಉಳಿಸಲೆಂದು ನಾಲ್ಕು ಸ್ಟ್ರಿಪ್ ಬಿಡಿಸಿ ಜೇಬಿಗೆ ಹಾಕಿಕೊಳ್ಳುವ ಚಟ ಬಿಡು. ತೇವ ಹೀರುವ ಮದ್ದು ಸ್ಟ್ರಿಪ್ ಡಬ್ಬಿಯೊಳಗೇ ಇದೆ. ಮುಚ್ಚಳ ಸಡಿಲಾದರೆ ಮಿರಗದ (ಮೃಗಶಿರಾ) ಮಳೆಯ ತೇವಕ್ಕೆ ಸ್ಟ್ರಿಪ್ ಕೆಟ್ಟು ಸುಳ್ಳು ಹೇಳುತ್ತದೆ. ಇನ್ಸುಲಿನ್ ಇದ್ದರೆ ಅದಕ್ಕೆ ಬೇರೆ ಚೀಲ. ಅದಕ್ಕೆ ತಂಪು ಬೇಕು, ಸ್ಟ್ರಿಪ್‌ಗೆ ಒಣ ಜಾಗ ಬೇಕು.

ಇಷ್ಟು ದಿನ ಬಿದ್ದಿದ್ದ ಡಬ್ಬಿಯ ಮೇಲಿನ ತಾರೀಖು ನೋಡು. ಒಮ್ಮೆ ತೆರೆದರೆ ಕೆಲವು ಕಂಪನಿಯ ಸ್ಟ್ರಿಪ್‌ಗಳಿಗೆ ಮೂರೇ ತಿಂಗಳ ಆಯುಷ್ಯ. ತೆರೆದ ದಿನವನ್ನು ಪೆನ್ನಿನಲ್ಲಿ ಡಬ್ಬಿಯ ಮೇಲೆ ಬರೆದಿಡು. ಮಷೀನಿನ ಗುಂಡಿ ಸೆಲ್ ಒಂದು ಹೆಚ್ಚಿಗೆ ಇಟ್ಟುಕೊ. ಚಿಂಚೋಳಿಯ ಕಾಡಿನ ದಾರಿಯಲ್ಲಿ ಮೆಡಿಕಲ್ ಹುಡುಕುತ್ತ ಹೋಗಬೇಡ.

ಚುಚ್ಚುವ ಮೊದಲು ಕೈ ತೊಳೆ. ಮಾವಿನಹಣ್ಣು ತಿಂದ ಬೆರಳು ಇಲ್ಲದ ಸಕ್ಕರೆ ತೋರಿಸುತ್ತದೆ. ನೀರಿಲ್ಲದಿದ್ದರೆ ಸ್ಯಾನಿಟೈಸರ್ ಇದೆ. ಹಚ್ಚಿಕೊಂಡರೆ ಪೂರ್ತಿ ಆರಿದ ಮೇಲೆಯೇ ಚುಚ್ಚು. ಸಿಮೆಂಟ್ ಧೂಳಿನ ಕೈಗೆ ಅದು ಸಾಲದು, ನೀರೇ ಬೇಕು. ಬೆರಳ ತುದಿಯ ನಟ್ಟನಡುವೆ ಬೇಡ, ಮಗ್ಗುಲಿಗೆ ಚುಚ್ಚಿದರೆ ನೋವು ಕಡಿಮೆ, ಕ್ಲಚ್ ಹಿಡಿಯುವಾಗ ಉರಿಯುವುದಿಲ್ಲ. ಸೂಜಿಯನ್ನು ಅಣ್ಣನಿಗೂ ಕೊಡಬೇಡ. ಬಳಸಿದ್ದನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚು.

ಇನ್ನು ಹೊರಡುವ ಮಾತು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರು ಕೀಲಿ ತಿರುಗಿಸುವ ಮೊದಲು ಒಂದು ಹನಿ ರಕ್ತ ನೋಡಲೇಬೇಕು. ಬ್ರಿಟನ್ನಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಚಾಲಕರಿಗೆ ಕೊಡುವ ಲೆಕ್ಕ ನಮ್ಮ ಅಳತೆಯಲ್ಲಿ (mg/dL) ಹೀಗಿದೆ: 90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೊರಡು, ದೂರದ ದಾರಿಯಲ್ಲಿ ಎರಡು ತಾಸಿಗೊಮ್ಮೆ ನೋಡು. 72ಕ್ಕಿಂತ ಇಳಿದರೆ ಗಾಡಿ ಮುಟ್ಟಬೇಡ. ಮೂರು ಚಮಚ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿಗೆ ಹಾಕಿ ಕುಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡು. ಪೇಢೆಯೂ ಚಾಕೊಲೇಟೂ ಆ ಹೊತ್ತಿಗೆ ಆಗುವುದಿಲ್ಲ, ಅವುಗಳ ಜಿಡ್ಡು ಸಕ್ಕರೆಯನ್ನು ತಡೆದು ನಿಧಾನ ಮಾಡುತ್ತದೆ. ಅಂಕಿ ಸರಿಯಾದರೂ ಇನ್ನೂ ಮುಕ್ಕಾಲು ತಾಸು ಕೂತಿರು. ತಲೆ ತಿಳಿಯಾಗಲು ಅಷ್ಟು ಹೊತ್ತು ಬೇಕು. ನಿನ್ನ ಗುಳಿಗೆಯ ಲೆಕ್ಕವನ್ನು ನಿನ್ನ ಡಾಕ್ಟರ ಹತ್ತಿರ ಒಮ್ಮೆ ಕೇಳಿಕೊ.

ಚಿತ್ತಾಪುರದ ಸಂತೆಗೋ ನಾಗಾವಿ ಯಲ್ಲಮ್ಮನಿಗೋ ತಡವಾಗಿ ಹೋದರೆ ಯಾರೂ ಬಯ್ಯುವುದಿಲ್ಲ. ದಾರಿಯಲ್ಲಿ ಬೆವರಿದರೆ ಗಾಡಿ ನಿಲ್ಲಿಸು, ಬೇವಿನ ನೆರಳು ಹುಡುಕು, ಮಷೀನ್ ತೆಗೆ. ಬಿಸಿಲಿನದೇ ಬೆವರಾಗಿದ್ದರೆ ಒಂದು ಚಹಾ ಕುಡಿದು ಹೊರಡುವೆಯಂತೆ, ಸಕ್ಕರೆ ಇಲ್ಲದ್ದು.