ಕೀ ಎಷ್ಟು ಉದ್ದ ಇದ್ದರೆ ಸಾಕು?

"ಡಿಇಎಸ್ ಯಾಕೆ ಸುರಕ್ಷಿತ ಅಲ್ಲ?" ಅಂತ ಪರೀಕ್ಷೆಯಲ್ಲಿ ಕೇಳಿದರೆ "ಕೀ ಚಿಕ್ಕದು, 56 ಬಿಟ್ ಮಾತ್ರ" ಅಂತ ಬರೆದು ಎರಡು ಮಾರ್ಕ್ಸ್ ತಗೊಂಡುಬಿಡ್ತೀವಿ. ಆದರೆ ಚಿಕ್ಕದು ಅಂದ್ರೆ ಎಷ್ಟು ಚಿಕ್ಕದು? ಎಇಎಸ್‌ನ 128 ಬಿಟ್ ಆದರೂ ಸಾಕಾ? ಕ್ಯಾಲ್ಕುಲೇಟರ್ ತಗೊಳ್ಳಿ, ಲೆಕ್ಕ ಹಾಕೇ ನೋಡೋಣ.

56 ಬಿಟ್ ಅಂದರೆ 2⁵⁶ ಕೀಗಳು, ಸುಮಾರು 7.2 × 10¹⁶. 1977ರಲ್ಲಿ ಡಿಇಎಸ್ ಅಮೆರಿಕದ ಸ್ಟ್ಯಾಂಡರ್ಡ್ ಆಯಿತು. ಇದಕ್ಕೆಂದೇ ಚಿಪ್ ಮಾಡಿಸಿದರೆ 2 ಕೋಟಿ ಡಾಲರ್‌ನ ಯಂತ್ರ ಒಂದೇ ದಿನದಲ್ಲಿ ಕೀ ಹುಡುಕಬಲ್ಲದು ಅಂತ ಡಿಫಿ ಮತ್ತು ಹೆಲ್ಮನ್ ಅದೇ ವರ್ಷ ಎಚ್ಚರಿಸಿದ್ದರು. 1998ರಲ್ಲಿ ಇಎಫ್‌ಎಫ್ ಸಂಸ್ಥೆ ಅಂಥ ಯಂತ್ರವನ್ನು ಕಟ್ಟಿಯೇ ತೋರಿಸಿತು. ಅದರ ಹೆಸರು 'ಡೀಪ್ ಕ್ರ್ಯಾಕ್'. ಖರ್ಚು ಎರಡೂವರೆ ಲಕ್ಷ ಡಾಲರ್‌ಗೂ ಕಡಿಮೆ, ವೇಗ ಸೆಕೆಂಡಿಗೆ ಸುಮಾರು 9,000 ಕೋಟಿ ಕೀ. 56 ಗಂಟೆಗಳಲ್ಲಿ ಕೀ ಸಿಕ್ಕೇಬಿಟ್ಟಿತು.

ಮಾಮೂಲಿ ಸಿಪಿಯುಗೆ ಈ ವೇಗ ಯಾಕೆ ಬರಲ್ಲ? ಡಿಇಎಸ್‌ನಲ್ಲಿ ಬಿಟ್‌ಗಳ ಜಾಗ ಬದಲಿಸುವ ಕೆಲಸ ಬಹಳ. ಸಾಫ್ಟ್‌ವೇರ್‌ಗೆ ಅದಕ್ಕೆ ಎಷ್ಟೋ ಇನ್‌ಸ್ಟ್ರಕ್ಷನ್ ಬೇಕು. ಚಿಪ್‌ನಲ್ಲಾದರೆ ತಂತಿಯನ್ನು ಬೇರೆ ಕಡೆ ಎಳೆದರೆ ಮುಗೀತು. ಜೊತೆಗೆ, ಒಂದು ಕೀ ಪರೀಕ್ಷೆಗೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಚಿಪ್ ದುಪ್ಪಟ್ಟು ಮಾಡಿದರೆ ಸಮಯ ಅರ್ಧ.

ಈಗ 128 ಬಿಟ್‌ಗೆ ಬರೋಣ. ಸಾವಿರ ಕೋಟಿಗೂ ಹೆಚ್ಚು ಡೀಪ್ ಕ್ರ್ಯಾಕ್‌ಗಳನ್ನು ಒಟ್ಟಿಗೆ ಸೇರಿಸಿ, ಸೆಕೆಂಡಿಗೆ 10²¹ ಕೀ ನೋಡುವ ಯಂತ್ರ ಇದೆ ಅಂತಿಟ್ಟುಕೊಳ್ಳಿ. ಡಿಇಎಸ್‌ನ ಎಲ್ಲ ಕೀಗಳೂ ಅದಕ್ಕೆ 72 ಮೈಕ್ರೋಸೆಕೆಂಡ್ ಕೆಲಸ. ಎಇಎಸ್‌ಗೆ? ಅರ್ಧದಷ್ಟು ಕೀ ನೋಡಿದಾಗ ಸಿಕ್ಕಿತು ಅಂದುಕೊಂಡರೂ ಸುಮಾರು 540 ಕೋಟಿ ವರ್ಷ. ನಮ್ಮ ಭೂಮಿಗೇ ಇನ್ನೂ 454 ಕೋಟಿ ವರ್ಷ!

ಆರ್‌ಎಸ್‌ಎಗೆ ಮಾತ್ರ ಈ ಲೆಕ್ಕ ಹಚ್ಚಬೇಡಿ. ಅಲ್ಲಿ ಕೀಗಳನ್ನು ಒಂದೊಂದಾಗಿ ಹುಡುಕಲ್ಲ, ಸಂಖ್ಯೆಯನ್ನು ಅಪವರ್ತಿಸುತ್ತಾರೆ. 829 ಬಿಟ್‌ನ ಆರ್‌ಎಸ್‌ಎ ಸಂಖ್ಯೆ 2020ರಲ್ಲೇ ಮುರಿದುಬಿತ್ತು. ಅದಕ್ಕೇ ಅಲ್ಲಿ ಕನಿಷ್ಠ 2048 ಬಿಟ್ ಬೇಕು ಅನ್ನೋದು.

ಹಾಗಾದರೆ ಎಇಎಸ್ ಹಾಕಿದರೆ ನಿಶ್ಚಿಂತೆಯಾ? ತಾಳಿ. ಪ್ರಾಜೆಕ್ಟ್ ಫೈಲ್‌ಗಳನ್ನು ಜಿಪ್ ಮಾಡಿ, ಎಇಎಸ್ ಆಯ್ಕೆ ಮಾಡಿ, ಪಾಸ್‌ವರ್ಡ್ ಜಾಗದಲ್ಲಿ ನಮ್ಮ ಮೊಬೈಲ್ ನಂಬರ್ ಹಾಕ್ತೀವಿ. ಆ ಕೀ ಹುಟ್ಟೋದು ಪಾಸ್‌ವರ್ಡ್‌ನಿಂದ. ಹತ್ತು ಅಂಕಿ ಅಂದರೆ ಹೆಚ್ಚೆಂದರೆ 10¹⁰ ಸಾಧ್ಯತೆ, 34 ಬಿಟ್‌ಗೂ ಕಡಿಮೆ. ಡೀಪ್ ಕ್ರ್ಯಾಕ್‌ನ ವೇಗದಲ್ಲಿ ಅದು ಸೆಕೆಂಡಿನ ಹತ್ತರಲ್ಲೊಂದು ಭಾಗದ ಕೆಲಸ. ಪಾಸ್‌ವರ್ಡ್‌ನಿಂದ ಕೀ ಮಾಡುವ ಲೆಕ್ಕವನ್ನು ಬೇಕಂತಲೇ ನಿಧಾನ ಮಾಡಿರ್ತಾರೆ, ನಿಜ. ಆದರೆ ಸಾವಿರ ಪಟ್ಟು ನಿಧಾನ ಆದರೂ ಎರಡು ನಿಮಿಷ ಸಾಕು.

ಅದೇ, ಅಕ್ಷರ ಅಂಕಿ ಬೆರೆಸಿ ಯದ್ವಾತದ್ವಾ ಆರಿಸಿದ 16 ಚಿಹ್ನೆಗಳಾದರೆ ಅದೇ ವೇಗಕ್ಕೆ 28 ಲಕ್ಷ ವರ್ಷ ಬೇಕು. ಪಾಸ್‌ವರ್ಡ್ ಮ್ಯಾನೇಜರ್ ಅದನ್ನು ತಾನೇ ಆರಿಸಿ ನೆನಪಿಟ್ಟುಕೊಳ್ಳುತ್ತೆ.

ಬಾಗಿಲು ಉಕ್ಕಿನದೇ. ಬೀಗದ ಕೈಯನ್ನು ಚಾಪೆ ಕೆಳಗೆ ಇಡಬೇಡಿ, ಅಷ್ಟೇ.